ಈಜುಕೊಳದ ಪ್ಯಾನೆಲ್‌ನಿಂದ ಅಡುಗೆಮನೆಗೆ ಕರೆಂಟ್ ಎಳೆಯಬಹುದೇ?

ಮನೆ ಮತ್ತು ವಿದ್ಯುತ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದಲ್ಲಿ ಮೂರು ಕೋಣೆಗಳ ಹೋಮ್‌ಸ್ಟೇ ನಡೆಸುತ್ತಿದ್ದೇವೆ. ಎರಡು ವರ್ಷಗಳ ಹಿಂದೆ ಮನೆಯಿಂದ 60 ಮೀಟರ್ ಕೆಳಗೆ ಒಂದು ಸಣ್ಣ ಈಜುಕೊಳ ಕಟ್ಟಿಸಿದೆವು. ಅದರ ಪಕ್ಕದ ಪಂಪ್‌ಹೌಸಿನಲ್ಲಿ ತ್ರೀ ಫೇಸ್ ಪ್ಯಾನೆಲ್ ಇದೆ. ಅದರಲ್ಲಿ 2 ಎಚ್‌ಪಿ ಫಿಲ್ಟರ್ ಪಂಪಿನ ಸ್ಟಾರ್ಟರ್, ಟೈಮರ್ ಮತ್ತು ನೀರಿನೊಳಗಿನ ದೀಪಗಳ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇವೆ. ಈಗ ಕೊಳದ ಹತ್ತಿರವೇ ಹೆಂಚಿನ ಮಾಡು ಹಾಕಿ ಅಡುಗೆಗೂ ಊಟಕ್ಕೂ ಜಾಗ ಮಾಡಿದ್ದೇವೆ. ಅಲ್ಲಿಗೆ ಫ್ರಿಜ್, ಗೀಸರ್, ವಾಷಿಂಗ್ ಮೆಷಿನ್, ಮೈಕ್ರೋವೇವ್ ಒಲೆ ಬೇಕು. ಮನೆಯಿಂದ ಮತ್ತೊಂದು ಕೇಬಲ್ ಎಳೆದರೆ ಖರ್ಚು ಹೆಚ್ಚೆಂದು ವೈರ್‌ಮನ್ ಕೊಳದ ಪ್ಯಾನೆಲ್‌ನಿಂದಲೇ ಒಂದು ಫೇಸ್ ತೆಗೆದು ಫ್ರಿಜ್‌ಗೆ ಕೊಟ್ಟಿದ್ದಾರೆ. ಪ್ಯಾನೆಲ್‌ಗೆ ಬಂದಿರುವುದು ಮೂರು ಫೇಸ್ ಮತ್ತು ಒಂದು ಅರ್ತ್ ಮಾತ್ರ, ನ್ಯೂಟ್ರಲ್ ಇಲ್ಲ. ಆದ್ದರಿಂದ ಫ್ರಿಜ್‌ನ ನ್ಯೂಟ್ರಲನ್ನು ಅರ್ತ್ ಪಟ್ಟಿಗೆ ಸೇರಿಸಿದ್ದಾರೆ. ಹಾಗೆ ಮಾಡಿದೊಡನೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಬೀಳುತ್ತಿತ್ತು, ಆಮೇಲೆ ಅದರ ಮೂಲಕ ಹೋಗದಂತೆ, ಅದಕ್ಕೆ ಒಳಬರುವ ತಂತಿಯಿಂದಲೇ ಸಂಪರ್ಕ ಕೊಟ್ಟರು. ಫ್ರಿಜ್ ಚೆನ್ನಾಗಿ ಓಡುತ್ತಿದೆ. ಆದರೆ ಕಳೆದ ವಾರ ಒಬ್ಬ ಅತಿಥಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಕೊಳದ ಸ್ಟೀಲ್ ಏಣಿ ಹಿಡಿದಾಗ ಕೈ ಜುಮ್ಮೆಂದಿತು ಎಂದರು. ನೀರಿನಲ್ಲಿದ್ದಾಗ ಏನೂ ಆಗಿರಲಿಲ್ಲವಂತೆ. ವೈರ್‌ಮನ್ ಏಣಿಗೆ ಟೆಸ್ಟರ್ ಇಟ್ಟು ನೋಡಿ ಏನೂ ಇಲ್ಲವೆಂದರು. ಇದು ತೇವದಿಂದ ಆಗುವುದೇ? ಉಳಿದ ಉಪಕರಣಗಳನ್ನೂ ಹೀಗೆಯೇ ಸೇರಿಸಬಹುದೇ?

ಉತ್ತರ: ನಿಮ್ಮ ಪತ್ರ ಕೈಸೇರಿದ ದಿನವೇ ಸಂಪಾದಕರಿಂದ ನಿಮಗೆ ಫೋನ್ ಮಾಡಿಸಿ, ಮನೆಯ ಮೇನ್ ಬೋರ್ಡಿನಲ್ಲಿ ಪಂಪ್‌ಹೌಸಿಗೆ ಹೋಗುವ ಎಂಸಿಬಿಯನ್ನು (ಹೊರೆ ಮೀರಿದರೆ ತಾನೇ ಬೀಳುವ ಸ್ವಿಚ್ಚನ್ನು) ಕೆಳಗಿಳಿಸಲು ಮತ್ತು ಕೊಳಕ್ಕೆ ಯಾರನ್ನೂ ಬಿಡದಿರಲು ತಿಳಿಸಿದ್ದೇನೆ. ಇಲ್ಲಿ ವಿವರವಾಗಿ ಬರೆಯುತ್ತಿರುವುದು ನಿಮಗಾಗಿ ಮಾತ್ರವಲ್ಲ. ಅರ್ತನ್ನೇ ನ್ಯೂಟ್ರಲ್ ಮಾಡಿಕೊಳ್ಳುವ ಈ ಅಭ್ಯಾಸ ನಮ್ಮ ತೋಟದ ಮನೆಗಳಲ್ಲಿ, ಬೋರ್‌ವೆಲ್ ಶೆಡ್ಡುಗಳಲ್ಲಿ, ಕಲ್ಯಾಣಮಂಟಪದ ಹಿಂಬದಿಯ ಅಡುಗೆ ಕೋಣೆಗಳಲ್ಲಿ ಇಂದಿಗೂ ಇದೆ. ಬಲ್ಬ್ ಉರಿಯಿತು, ಫ್ರಿಜ್ ಓಡಿತು ಎಂಬುದನ್ನೇ ಕೆಲಸ ಸರಿಯಾಗಿದೆ ಎಂಬುದಕ್ಕೆ ಪ್ರಮಾಣವೆಂದು ಎಲ್ಲರೂ ಒಪ್ಪಿಕೊಂಡುಬಿಡುತ್ತಾರೆ. ನಿಮ್ಮ ಅತಿಥಿಯ ಕೈ ಜುಮ್ಮೆಂದದ್ದು ತೇವದಿಂದಲ್ಲ. ಫ್ರಿಜ್‌ನೊಳಗೆ ಕೆಲಸ ಮಾಡಿದ ಕರೆಂಟು ಹಿಂದಿರುಗುವಾಗ ಕೊಳದ ಏಣಿಯನ್ನೂ ಕರೆಂಟಿರುವ ತಂತಿಯಂತೆ ಮಾಡಿತ್ತು, ಅದನ್ನೇ ಅವರ ಕೈ ಗುರುತಿಸಿತು.

ಅದು ಹೇಗೆಂದು ಲೆಕ್ಕದೊಡನೆ ನೋಡಬೇಕು. ಫೇಸಿನಿಂದ ಹೊರಟ ಕರೆಂಟು ನ್ಯೂಟ್ರಲ್ ತಂತಿಯಲ್ಲಿ ಟ್ರಾನ್ಸ್‌ಫಾರ್ಮರಿಗೆ ಹಿಂದಿರುಗಬೇಕು. ನ್ಯೂಟ್ರಲ್ ಇಲ್ಲದಿದ್ದಾಗ ಅದು ನಿಮ್ಮ ಅರ್ತ್ ತಂತಿಯಲ್ಲಿ ಇಳಿದು, ಅರ್ತ್ ಗುಂಡಿಯ ಮೂಲಕ ನೆಲಕ್ಕೆ ಹೋಗಿ, ಮಣ್ಣಿನಲ್ಲೇ ದಾರಿ ಮಾಡಿಕೊಂಡು ಟ್ರಾನ್ಸ್‌ಫಾರ್ಮರಿನ ಅರ್ತನ್ನು ಸೇರುತ್ತದೆ. ಮಲೆನಾಡಿನ ಕಲ್ಲು ಬೆರೆತ ನೆಲದಲ್ಲಿ, ಬೇಸಿಗೆಯಲ್ಲಿ ಯಾರೂ ನೀರು ಹಾಕದ ಗುಂಡಿಯಲ್ಲಿ ಆ ದಾರಿಯ ರೋಧ 15 ಓಮ್ ಇರುವುದು ಅಪರೂಪವೇನಲ್ಲ. ಫ್ರಿಜ್ ಒಂದು ಆಂಪಿಯರ್ ಎಳೆದರೆ ಅರ್ತ್ ಪಟ್ಟಿಯೂ ಅದಕ್ಕೆ ಸೇರಿದ ಏಣಿಯಂಥ ಪ್ರತಿಯೊಂದು ಲೋಹವೂ ನೆಲಕ್ಕಿಂತ 15 ವೋಲ್ಟ್ ಮೇಲೆ ನಿಲ್ಲುತ್ತವೆ, ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಕೆಲವು ಪಟ್ಟು. ಅದೇ ಜಾಗದಲ್ಲಿ 2000 ವಾಟಿನ ಗೀಸರ್ ಹಾಕಿದ್ದರೆ ಏಣಿಯ ಮೇಲೆ 80 ವೋಲ್ಟಿಗೂ ಹೆಚ್ಚು ಬರುತ್ತಿತ್ತು. ಈಜುಕೊಳದ ನೀರಿನೊಳಗೆ ದೀಪಗಳಿಗೆ 12 ವೋಲ್ಟಿಗಿಂತ ಹೆಚ್ಚು ಕೊಡಬಾರದೆಂದು ಹಲವು ದೇಶಗಳಲ್ಲಿ ಎಂಜಿನಿಯರುಗಳು ನಿಯಮ ಮಾಡಿಕೊಂಡಿರುವಾಗ, ಆ ದೀಪಗಳಿಗೆ ಟ್ರಾನ್ಸ್‌ಫಾರ್ಮರ್ ಇಟ್ಟು ಎಚ್ಚರ ವಹಿಸಿದ ಕೊಳಕ್ಕೇ ಏಣಿಯ ಮೂಲಕ ಅದಕ್ಕಿಂತ ಹೆಚ್ಚು ವೋಲ್ಟೇಜನ್ನು ನಾವೇ ಇಳಿಸಿದಂತಾಯಿತು. ಇನ್ನೊಂದು ಸಾಧ್ಯತೆಯನ್ನು ಬರೆಯಲು ನನಗೇ ಭಯವಾಗುತ್ತದೆ. ಅರ್ತ್ ಗುಂಡಿಗೆ ಹೋಗುವ ತಂತಿ ತುಕ್ಕು ಹಿಡಿದು ತುಂಡಾದರೆ, ಫ್ರಿಜ್‌ನ ಮೂಲಕ ಬಂದ ಫೇಸು ಹಿಂದಿರುಗಲು ಸರಿಯಾದ ದಾರಿಯಿಲ್ಲದೆ ಏಣಿಯ ಮೇಲೆ 230 ವೋಲ್ಟಿನವರೆಗೂ ಏರಿ ಕಾಯುತ್ತಿರಬಹುದು. ಏಣಿಯನ್ನು ಹಿಡಿದವರ ಮೈಯೇ ಆಗ ಅದಕ್ಕೆ ದಾರಿ.

ಅತಿಥಿ ನೀರಿನಲ್ಲಿದ್ದಾಗ ಏನೂ ಆಗಲಿಲ್ಲ, ಹುಲ್ಲಿನ ಮೇಲೆ ನಿಂತಾಗ ಮಾತ್ರ ಜುಮ್ಮೆಂದಿತು ಎಂಬುದಕ್ಕೂ ಕಾರಣವಿದೆ. ಕೊಳ ಕಟ್ಟಿದವರು ಏಣಿ, ಕೈಹಿಡಿ, ಪಂಪಿನ ಮೈ, ಕಾಂಕ್ರೀಟಿನೊಳಗಿನ ಕಬ್ಬಿಣ ಎಲ್ಲವನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಸೇರಿಸಿರುತ್ತಾರೆ. ಕೊಳದ ಒಳಗೆ ಇರುವವರು ಮುಟ್ಟುವ ಎರಡು ವಸ್ತುಗಳ ನಡುವೆ ವ್ಯತ್ಯಾಸವೇ ಇರಬಾರದು ಎಂಬುದು ಇದರ ಉದ್ದೇಶ. ನಿಮ್ಮಲ್ಲಿ ಆ ಕೆಲಸ ಸರಿಯಾಗಿ ಆಗಿದೆ ಎಂದೇ ಕಾಣುತ್ತದೆ. ಆದರೆ ಕೊಳದಾಚೆಯ ಹಸಿ ಹುಲ್ಲು ಆ ಜೋಡಣೆಯ ಹೊರಗಿದೆ. ಒಂದು ಕಾಲು ಹುಲ್ಲಿನ ಮೇಲೆ, ಒಂದು ಕೈ ಏಣಿಯ ಮೇಲೆ ಇದ್ದವರು ಎರಡು ಬೇರೆ ವೋಲ್ಟೇಜುಗಳ ನಡುವೆ ನಿಂತಿದ್ದರು. ಕೊಳಕ್ಕೆ ಇಳಿಯುವವರೆಲ್ಲರೂ, ಮುಖ್ಯವಾಗಿ ಮಕ್ಕಳು, ನಿಲ್ಲುವುದು ಅಲ್ಲೇ.

ಇನ್ನು ಆರ್‌ಸಿಸಿಬಿಯ ವಿಷಯ. ಹೊರಟ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ 30 ಮಿಲಿಆಂಪಿಯರಿನಷ್ಟು, ಎಂದರೆ ಒಂದು ಆಂಪಿಯರಿನ ಸಾವಿರ ಪಾಲಿನಲ್ಲಿ ಮೂವತ್ತು ಪಾಲಿನಷ್ಟು ವ್ಯತ್ಯಾಸ ಕಂಡರೂ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುವುದು ಅದರ ಕೆಲಸ. ಫ್ರಿಜ್‌ನ ಕರೆಂಟೆಲ್ಲ ನೆಲಕ್ಕೆ ಹೋಗುತ್ತಿದ್ದುದರಿಂದ ಅದು ಬಿತ್ತು. ನಿಮ್ಮ ಇಡೀ ಪಂಪ್‌ಹೌಸಿನಲ್ಲಿ ಆ ದಿನ ಸತ್ಯ ಹೇಳಿದ್ದು ಅದೊಂದೇ. ಅದಕ್ಕಿಂತ ಮೊದಲೇ ಸಂಪರ್ಕ ಕೊಟ್ಟದ್ದೆಂದರೆ ಆ ಕಾವಲುಗಾರನ ಬೆನ್ನ ಹಿಂದಿನಿಂದ ಬಾಗಿಲು ತೆರೆದಂತೆ. ಮೊದಲು ಆ ಸಂಪರ್ಕವನ್ನು ಪೂರ್ತಿ ಬಿಡಿಸಿ ತೆಗೆಸಿ. ತಾತ್ಕಾಲಿಕವಾಗಿ ಎಂದೂ ಉಳಿಸಬೇಡಿ.

ಹಾಗಾದರೆ ನ್ಯೂಟ್ರಲ್ ಇರುವ ಸರಿಯಾದ ಕೇಬಲ್ ಎಳೆದುಕೊಂಡು, ಕೊಳದ ಪ್ಯಾನೆಲ್‌ನಿಂದಲೇ ಅಡುಗೆಮನೆಗೆ ಕೊಡಬಹುದೇ ಎಂಬುದು ನಿಮ್ಮ ನಿಜವಾದ ಪ್ರಶ್ನೆ. ಪಂಪಿನ ಪ್ಯಾನೆಲ್‌ನಲ್ಲಿ ಬೇರೆ ಯಾವುದಕ್ಕೂ ಸಂಪರ್ಕ ಇರಲೇಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ. ಕೇಬಲ್ ತಾಳಿಕೊಂಡರೆ, ಪ್ರತಿ ದಾರಿಗೂ ತಕ್ಕ ಎಂಸಿಬಿಯೂ 30 ಮಿಲಿಆಂಪಿಯರಿನ ರಕ್ಷಣೆಯೂ ಇದ್ದರೆ, ನ್ಯೂಟ್ರಲ್ ಮತ್ತು ಅರ್ತ್ ಬೇರೆ ಬೇರೆ ಇದ್ದರೆ ಮಾಡಬಹುದು. ಆದರೂ ನಾನು ನಿಮಗೆ ಬೇಡವೆಂದೇ ಹೇಳುತ್ತೇನೆ.

ಮೊದಲು ಕೇಬಲಿನ ಮಾತು ಮುಗಿಸೋಣ. ಪತ್ರದ ಜೊತೆ ನೀವು ಕಳಿಸಿದ ಬಿಲ್ಲಿನಲ್ಲಿ ನಾಲ್ಕು ಕೋರಿನ 4 ಚದರ ಮಿ.ಮೀ. ತಾಮ್ರದ ಕೇಬಲ್ ಎಂದಿದೆ. ನಾಲ್ಕು ಕೋರುಗಳೂ ಈಗಾಗಲೇ ಬಳಕೆಯಲ್ಲಿವೆ, ಆದ್ದರಿಂದ ನ್ಯೂಟ್ರಲ್‌ಗೆ ಜಾಗವೇ ಇಲ್ಲ. 2 ಎಚ್‌ಪಿ ತ್ರೀ ಫೇಸ್ ಪಂಪು ಪ್ರತಿ ಫೇಸಿನಲ್ಲಿ ಸುಮಾರು ಮೂರೂವರೆ ಆಂಪಿಯರ್ ಎಳೆಯುತ್ತದೆ, ಅದಕ್ಕೆ ಈ ಕೇಬಲ್ ಧಾರಾಳ. ಆದರೆ ಗೀಸರ್ 2000 ವಾಟ್, ನೀರು ಬಿಸಿ ಮಾಡಿಕೊಳ್ಳುವ ವಾಷಿಂಗ್ ಮೆಷಿನ್ 2000, ಮೈಕ್ರೋವೇವ್ 1200, ಫ್ರಿಜ್ 200, ಒಟ್ಟು 5400 ವಾಟ್ ಒಂದೇ ಫೇಸಿನಲ್ಲಿ ಬಿದ್ದರೆ 23 ಆಂಪಿಯರ್ ದಾಟುತ್ತದೆ. 60 ಮೀಟರ್ ದೂರವೆಂದರೆ ಹೋಗಿ ಬರುವ ದಾರಿ 120 ಮೀಟರ್. 4 ಚದರ ಮಿ.ಮೀ. ತಂತಿಯಲ್ಲಿ ಅಷ್ಟು ದೂರಕ್ಕೆ ಅರ್ಧ ಓಮಿಗಿಂತ ಸ್ವಲ್ಪ ಹೆಚ್ಚು ರೋಧ ಇರುವುದರಿಂದ ದಾರಿಯಲ್ಲೇ 13 ವೋಲ್ಟ್ ಕಳೆದುಹೋಗುತ್ತದೆ. ಸಂಜೆ ಹೊತ್ತು ಸಾಲಿನಲ್ಲೇ 200 ವೋಲ್ಟ್ ಬರುವ ಊರುಗಳಲ್ಲಿ ಫ್ರಿಜ್‌ಗೆ ತಲುಪುವುದು 187. ಕಂಪ್ರೆಸರ್ ಮುಕ್ಕರಿಯುತ್ತ ಶುರುವಾಗಲಾರದೆ ಬಿಸಿಯಾಗಿ ಸುಡುವುದು ಹೀಗೆ. ಅದೇ ದೂರಕ್ಕೆ 10 ಚದರ ಮಿ.ಮೀ. ಹಾಕಿದರೆ ಕಳೆಯುವುದು 5 ವೋಲ್ಟ್ ಮಾತ್ರ.

ಕೇಬಲ್ ದಪ್ಪ ಮಾಡಿದರೆ ಈ ತೊಂದರೆ ತೀರುತ್ತದೆ. ತೀರದಿರುವುದು ಆರ್‌ಸಿಸಿಬಿಯ ತೊಂದರೆ, ಮತ್ತು ನಾನು ಹೆಚ್ಚು ಹೆದರುವುದು ಅದಕ್ಕೇ. ಪ್ರತಿಯೊಂದು ಉಪಕರಣವೂ ಅರ್ತಿಗೆ ಅಷ್ಟಿಷ್ಟು ಸೋರಿಸುತ್ತದೆ. ಹೊಸ ವಾಷಿಂಗ್ ಮೆಷಿನ್ ಒಂದೆರಡು ಮಿಲಿಆಂಪಿಯರ್, ಉಪ್ಪು ಕಟ್ಟಿದ ಗೀಸರ್ ಕಾಯಿಲ್ ಇನ್ನಷ್ಟು, ಮಳೆಗಾಲದಲ್ಲಿ ತೇವ ಹಿಡಿದ ಪಂಪಿನ ಮೋಟಾರು ಮತ್ತೂ ಇಷ್ಟು. 30 ಮಿಲಿಆಂಪಿಯರ್ ಎಂದು ಬರೆದಿರುವ ಆರ್‌ಸಿಸಿಬಿ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಜುಲೈ ತಿಂಗಳ ರಾತ್ರಿ ಎರಡು ಗಂಟೆಗೆ ಪಂಪಿನ ಟರ್ಮಿನಲ್ ಪೆಟ್ಟಿಗೆಗೆ ನೀರಿಳಿದು ಅದು ಬಿದ್ದಿತೆನ್ನಿ. ಪಂಪ್ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಜೊತೆಗೆ ಫ್ರಿಜ್ ನಿಂತು, ಬೆಳಿಗ್ಗೆ ಹಾಲು ಒಡೆದು, ಅತಿಥಿಗಳಿಗೆಂದು ಮಂಗಳೂರಿನಿಂದ ತರಿಸಿದ ಮೀನು ಹಾಳಾಗಿರುತ್ತದೆ. ಮೊದಲ ಸಲ ಬೇಸರ, ಎರಡನೆಯ ಸಲ ಸಿಟ್ಟು, ಮೂರನೆಯ ಸಲ ಯಾರಾದರೊಬ್ಬರು ಆ ಆರ್‌ಸಿಸಿಬಿಯ ಒಳಬರುವ ತಂತಿಗೂ ಹೊರಹೋಗುವ ತಂತಿಗೂ ಒಂದು ತುಂಡು ವೈರ್ ಕಟ್ಟಿ ಅದನ್ನು ಬಾಯಿ ಮುಚ್ಚಿಸುತ್ತಾರೆ. ಅವರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ಮೀನು ಉಳಿಸಿಕೊಳ್ಳಬೇಕಾಗಿರುತ್ತದೆ ಅಷ್ಟೆ. ಆದರೆ ಅಂದಿನಿಂದ ನೀರಿನಲ್ಲಿರುವವರಿಗೆ ಯಾವ ರಕ್ಷಣೆಯೂ ಇಲ್ಲ. ಕೊಳದ ಪ್ಯಾನೆಲ್ ಯಾವಾಗ ಬೇಕಾದರೂ ಬೀಳಲು, ಬಿದ್ದು ಎರಡು ದಿನ ಹಾಗೆಯೇ ಇರಲು ಸ್ವತಂತ್ರವಾಗಿರಬೇಕು. ಬಿದ್ದರೆ ನಷ್ಟವಾಗುವ ಯಾವುದನ್ನೂ ಅದಕ್ಕೆ ಕಟ್ಟಬಾರದು.

ಹಾಸನ ಜಿಲ್ಲೆಯದೇ ಒಂದು ತೋಟದ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ನಾನು ಇಂಥದೇ ಪಂಪ್‌ಹೌಸ್ ತೆರೆಸಿ ನೋಡಿದ್ದೆ. ಪ್ಯಾನೆಲ್ ಬಾಗಿಲಿನ ರಬ್ಬರ್ ಪಟ್ಟಿ ಗಟ್ಟಿಯಾಗಿ ಒಡೆದಿತ್ತು. ಒಳಗೆ ಅರ್ತ್ ಪಟ್ಟಿಯ ತಾಮ್ರ ಹಸಿರಾಗಿತ್ತು, ಎಂಸಿಬಿಯ ಸ್ಕ್ರೂಗಳ ಮೇಲೆ ಸುಣ್ಣದಂಥ ಬಿಳಿ ಪುಡಿ, ತಂತಿಯ ತುದಿಗೆ ಹಾಕುವ ಒಂದು ಲಗ್ಗನ್ನು ಬೆರಳಲ್ಲಿ ಅಲುಗಿಸಿದರೆ ಉದುರಿ ಬಂತು. ಪ್ಯಾನೆಲ್‌ನ ನೇರ ಕೆಳಗೆ ಮುಚ್ಚಳ ಸಡಿಲವಾಗಿದ್ದ ಹೈಡ್ರೋಕ್ಲೋರಿಕ್ ಆಸಿಡ್ ಕ್ಯಾನು, ಅದರ ಪಕ್ಕ ಕ್ಲೋರಿನ್ ಪುಡಿಯ ಡಬ್ಬ. ಆಸಿಡ್ ಮತ್ತು ಕ್ಲೋರಿನ್ ಪುಡಿ ಒಂದೇ ಕಡೆ ಇರಲೇಬಾರದು, ಅವೆರಡೂ ಬೆರೆತರೆ ಏಳುವುದು ವಿಷಗಾಳಿ. ಅದು ಹಾಗಿರಲಿ. ಅವುಗಳ ಹೊಗೆ ವಿದ್ಯುತ್ ಜೋಡಣೆಗಳನ್ನು ತಿನ್ನುತ್ತದೆ, ತಿಂದ ಜೋಡಣೆ ಬಿಸಿಯಾಗುತ್ತದೆ. ಮೂರೂವರೆ ಆಂಪಿಯರಿನ ಪಂಪಿನ ಹೊರೆಗೆ ಕಾಣಿಸಿಕೊಳ್ಳದ ಸಡಿಲು, 20 ಆಂಪಿಯರಿನ ಅಡುಗೆಮನೆಯ ಹೊರೆಗೆ ಕೆಂಡವಾಗುತ್ತದೆ. ಮನೆಯ ಡಿಬಿಗೆ (ಕರೆಂಟ್ ಹಂಚುವ ಪೆಟ್ಟಿಗೆಗೆ) ಇಲ್ಲದ ಈ ಶತ್ರು ಕೊಳದ ಪ್ಯಾನೆಲ್‌ಗೆ ಹುಟ್ಟಿನಿಂದಲೇ ಇದೆ.

ಇದರ ಜೊತೆಗೆ ಟೈಮರಿನ ಒಂದು ಸಣ್ಣ ಮಾತಿದೆ. ಟೈಮರಿನಂತೆ ಪಂಪನ್ನು ಹಾಕಿ ಆರಿಸುವ ಕಾಂಟ್ಯಾಕ್ಟರ್ ಸ್ವಿಚ್ ಆದಮೇಲೆ ಸಂಪರ್ಕ ತೆಗೆದರೆ ಫಿಲ್ಟರ್ ಓಡುವ ಆರೆಂಟು ಗಂಟೆ ಮಾತ್ರ ಫ್ರಿಜ್ ಓಡುತ್ತದೆ, ಉಳಿದ ಹೊತ್ತು ನಿಲ್ಲುತ್ತದೆ. ಫ್ರಿಜ್ ಕೆಟ್ಟಿದೆಯೆಂದು ಮೆಕ್ಯಾನಿಕ್ ಕರೆಸಿದವರನ್ನು ನೋಡಿದ್ದೇನೆ.

ನೀವು ಮಾಡಬೇಕಾದುದು ಇಷ್ಟು. ಮನೆಯ ಮೇನ್ ಬೋರ್ಡಿನಿಂದ ಪ್ರತ್ಯೇಕ ಎಂಸಿಬಿಯಲ್ಲಿ ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಇರುವ 10 ಚದರ ಮಿ.ಮೀ. ಆರ್ಮರ್ಡ್ ಕೇಬಲನ್ನು ಹೊಸ ಅಡುಗೆಮನೆಗೆ ನೇರವಾಗಿ ತನ್ನಿ. ಮುಕ್ಕಾಲು ಮೀಟರ್ ಆಳದ ಕಾಲುವೆ ತೆಗೆದು, ಮರಳು ಹಾಸಿ, ಕೇಬಲ್ ಮಲಗಿಸಿ, ಮೇಲೆ ಮತ್ತೆ ಮರಳು ಮತ್ತು ಇಟ್ಟಿಗೆ ಸಾಲು ಇಟ್ಟು ಮುಚ್ಚಿಸಿ. ಕಾಫಿ ಗಿಡದ ಬುಡ ಕೆರೆಯುವಾಗ ಗುದ್ದಲಿಗೆ ಮೊದಲು ಸಿಗುವುದು ಇಟ್ಟಿಗೆಯಾಗಲಿ. ಅಡುಗೆಮನೆಯಲ್ಲಿ ಅದಕ್ಕೆಂದೇ ಒಂದು ಡಿಬಿ ಇಟ್ಟು, ಗೀಸರ್‌ಗೆ, ವಾಷಿಂಗ್ ಮೆಷಿನ್‌ಗೆ, ಫ್ರಿಜ್‌ಗೆ ಬೇರೆ ಬೇರೆ ಆರ್‌ಸಿಬಿಒ ಹಾಕಿಸಿ. ಇದು ಎಂಸಿಬಿ ಮತ್ತು ಆರ್‌ಸಿಸಿಬಿ ಎರಡರ ಕೆಲಸವನ್ನೂ ಒಂದೇ ಮೈಯಲ್ಲಿ ಮಾಡುವ ಸಾಧನ. ಗೀಸರ್ ಸೋರಿದರೆ ಗೀಸರ್ ಮಾತ್ರ ನಿಲ್ಲುತ್ತದೆ. ಬೆಲೆ ಹೆಚ್ಚೆನಿಸಬಹುದು, ಆದರೆ ನಿಮ್ಮ ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಕೇಬಲ್ ಮತ್ತು ಅಗೆತಕ್ಕೇ ಹೋಗುವುದು.

ಹೇಗೂ ಅಗೆಯುವುದೇ ಆದರೆ ಇನ್ನೊಂದು ದಾರಿಯೂ ಇದೆ. ಐದು ಕೋರಿನ ದಪ್ಪ ಕೇಬಲನ್ನು ಅಡುಗೆಮನೆಯ ಡಿಬಿಗೆ ತಂದು, ಅಲ್ಲಿಂದ ಒಂದು ಕವಲನ್ನು ಕೊಳದ ಪ್ಯಾನೆಲ್‌ಗೆ ಕೊಡಬಹುದು. ಆಗ ಪ್ಯಾನೆಲ್‌ನಿಂದ ಅಡುಗೆಮನೆಗೆ ಎಳೆದಂತಲ್ಲ, ಎರಡೂ ಒಂದೇ ತಾಯಿಯ ಬೇರೆ ಬೇರೆ ಮಕ್ಕಳಾದಂತೆ, ಒಂದು ಬಿದ್ದರೆ ಇನ್ನೊಂದಕ್ಕೆ ತಗಲುವುದಿಲ್ಲ. ತ್ರೀ ಫೇಸ್ ಇರುವುದರಿಂದ ಗೀಸರ್ ಒಂದು ಫೇಸಿಗೆ, ವಾಷಿಂಗ್ ಮೆಷಿನ್ ಮತ್ತೊಂದಕ್ಕೆ ಹಂಚಿದರೆ ಹೊರೆ ಸಮನಾಗುತ್ತದೆ. ಮುಂದೆ ಊಟದ ಮನೆಗೆ ಎಸಿ ಹಾಕುವ ಯೋಚನೆ ಇದ್ದರೆ ಇದೇ ಮೇಲು.

ಮಾಡಿನ ಕೆಳಗೆ ಪ್ಲಗ್ ಪಾಯಿಂಟ್ ಇಡುವ ಜಾಗವನ್ನು ಗೋಡೆ ಕೊರೆಯುವ ಮೊದಲೇ ಟೇಪ್ ಹಿಡಿದು ಗುರುತಿಸಿ. ಐಇಸಿ 60364 ಎಂಬ ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡದ ಈಜುಕೊಳದ ಭಾಗದ ಪ್ರಕಾರ ಕೊಳದ ಅಂಚಿನಿಂದ 2 ಮೀಟರ್ ಒಳಗೆ ಮನೆಬಳಕೆಯ ಪ್ಲಗ್ ಪಾಯಿಂಟ್, ಸ್ವಿಚ್ ಇಡುವಂತಿಲ್ಲ. ಅದರಾಚೆಯ ಇನ್ನೊಂದೂವರೆ ಮೀಟರಿನಲ್ಲಿ 30 ಮಿಲಿಆಂಪಿಯರಿನ ರಕ್ಷಣೆಯಂಥ ವ್ಯವಸ್ಥೆ ಇದ್ದರೆ ಮಾತ್ರ ಇಡಬಹುದು. ನನ್ನ ಸಲಹೆ, ಮೂರೂವರೆ ಮೀಟರಿಗೂ ಆಚೆಗೇ ಇಡಿ. ನೀವು ಕಳಿಸಿದ ಚಿತ್ರದಲ್ಲಿ ಮಾಡಿನ ಕೊಳದ ಕಡೆಯ ಕಂಬ ಅಂಚಿಗೆ ತೀರ ಹತ್ತಿರವಿದೆ. ಆ ಕಂಬಕ್ಕೆ ಏನನ್ನೂ ಹಾಕಿಸಬೇಡಿ, ಚಾರ್ಜಿಂಗ್ ಪಾಯಿಂಟನ್ನೂ ಕೂಡ.

ಕೆಲಸ ಶುರುವಾಗುವ ಮುಂಚೆ ಸೆಸ್ಕ್ ಕಚೇರಿಯಲ್ಲಿ, ನಮ್ಮೂರುಗಳಲ್ಲಿ ಇಂದಿಗೂ ಕೆಇಬಿ ಎನ್ನುತ್ತೇವಲ್ಲ, ಅಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿ ಬೇಕಾದರೆ ಹೆಚ್ಚಿಸಿಕೊಳ್ಳಿ. ಕೆಲಸವನ್ನು ಪರವಾನಗಿ ಇರುವ ಕಂಟ್ರಾಕ್ಟರಿಗೇ ಕೊಡಿ, ಮುಗಿದ ಮೇಲೆ ಅರ್ತ್ ರೋಧ ಎಷ್ಟು ಬಂತು, ಮೆಗ್ಗರ್ ಎಂಬ ಅಳತೆ ಯಂತ್ರದಲ್ಲಿ ತಂತಿಯ ಹೊದಿಕೆಯ (ಇನ್ಸುಲೇಷನ್) ರೋಧ ಎಷ್ಟು ಬಂತು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಅರ್ತಿಂಗ್ ಮಾಡುವ ಕ್ರಮಕ್ಕೆ ಐಎಸ್ 3043 ಎಂಬ ಭಾರತೀಯ ಮಾನದಂಡವಿದೆ. ಅದರ ಹೆಸರನ್ನಾದರೂ ಕೇಳಿರುವವರು ಬೇಕು. ಮತ್ತೆ ಅತಿಥಿಗಳನ್ನು ಕೊಳಕ್ಕೆ ಬಿಡುವ ಮೊದಲು ಏಣಿಗೂ ಹಸಿ ನೆಲಕ್ಕೂ ನಡುವೆ, ಎಲ್ಲ ಉಪಕರಣಗಳೂ ಓಡುತ್ತಿರುವಾಗ, ಮೀಟರಿನಲ್ಲಿ ವೋಲ್ಟೇಜ್ ನೋಡಿಸಿ. ಟೆಸ್ಟರ್ ಸ್ಕ್ರೂಡ್ರೈವರ್ ಸಾಲದು. 15 ವೋಲ್ಟಿಗೆ ಅದರ ದೀಪ ಉರಿಯುವುದೇ ಇಲ್ಲ, ನಿಮ್ಮ ವೈರ್‌ಮನ್ ಏಣಿಗೆ ಟೆಸ್ಟರ್ ಇಟ್ಟು ಏನೂ ಇಲ್ಲವೆಂದದ್ದು ಅದಕ್ಕೇ ಇರಬೇಕು.

ಪ್ರಶ್ನೆ: ತರೀಕೆರೆ ಬಳಿ ನಮ್ಮ ಅಡಕೆ ತೋಟದಲ್ಲಿ ಐಪಿ ಸೆಟ್ಟಿನ (ನೀರಾವರಿ ಪಂಪ್‌ಸೆಟ್ಟಿನ) ಮೋಟಾರ್ ಮನೆ ಇದೆ. ಪಕ್ಕದಲ್ಲೇ ಮಕ್ಕಳು ಈಜಲೆಂದು ಸಿಮೆಂಟಿನ ತೊಟ್ಟಿ ಕಟ್ಟಿಸಿ, ಅದರ ಪಂಪನ್ನೂ ಸ್ಟಾರ್ಟರ್ ಬೋರ್ಡಿನಿಂದಲೇ ಓಡಿಸುತ್ತಿದ್ದೇವೆ. ತೋಟ ಕಾಯುವವರ ಕೋಣೆಗೆ ಫ್ಯಾನು, ಟಿವಿ, ಇಂಡಕ್ಷನ್ ಒಲೆಗೂ ಅಲ್ಲಿಂದಲೇ ಕೊಡಬಹುದೇ?

ಉತ್ತರ: ಕೊಡುವಂತಿಲ್ಲ, ಮತ್ತು ತೊಟ್ಟಿಯ ಪಂಪನ್ನೂ ಬಿಡಿಸಬೇಕು. ರಾಜ್ಯ ಸರ್ಕಾರ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಡುವುದು ಬೆಳೆಗೆ ನೀರು ಹಾಯಿಸಲು. ಅದನ್ನು ಬೇರೆ ಉದ್ದೇಶಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಅದು ಅನಧಿಕೃತ ಬಳಕೆ, ಆ ಬಳಕೆಗೆ ಅನ್ವಯಿಸುವ ದರದ ಎರಡು ಪಟ್ಟು ವಸೂಲಿ ಮಾಡಬಹುದು. ಕಾನೂನಿನ ಮಾತು ಬದಿಗಿಟ್ಟರೂ, ಐಪಿ ಸೆಟ್ಟಿನ ಬೋರ್ಡುಗಳಲ್ಲಿ ಆರ್‌ಸಿಸಿಬಿ ಇರುವುದನ್ನು ನಾನು ಕಂಡದ್ದು ತೀರ ಕಡಿಮೆ, ಅರ್ತ್ ಸರಿಯಿರುವುದನ್ನು ಕಂಡದ್ದು ಅದಕ್ಕೂ ಕಡಿಮೆ. ಅಂಥ ಬೋರ್ಡಿಗೆ ಸೇರಿದ ಪಂಪಿರುವ ನೀರಿಗೆ ಮಕ್ಕಳನ್ನು ಇಳಿಸುತ್ತಿದ್ದೀರಿ. ಕೋಣೆಗೂ ತೊಟ್ಟಿಗೂ ಸೇರಿ ಪ್ರತ್ಯೇಕ ಮೀಟರಿಗೆ ಅರ್ಜಿ ಹಾಕಿ. ಅದು ಬರುವವರೆಗೆ ತೊಟ್ಟಿಯ ಪಂಪಿನ ವೈರನ್ನು ಬೋರ್ಡಿನಿಂದ ಕಿತ್ತಿಡಿ, ಕಿತ್ತಿಟ್ಟ ಮೇಲೆಯೇ ಮಕ್ಕಳನ್ನು ನೀರಿಗೆ ಇಳಿಸಿ.

ಪ್ರಶ್ನೆ: ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ನೆಲೆಸಿದ್ದೇವೆ. ಹಿತ್ತಲಿನ ಈಜುಕೊಳದ ಉಪಕರಣಗಳಿಗೆ 60 ಆಂಪಿಯರಿನ ಪ್ರತ್ಯೇಕ ಪ್ಯಾನೆಲ್ ಇದೆ. ಅದರಿಂದ ಹೊರಗಿನ ಅಡುಗೆಕಟ್ಟೆಗೆ ಫ್ರಿಜ್ ಮತ್ತು ಕೆಲವು ಪ್ಲಗ್ ಪಾಯಿಂಟುಗಳನ್ನು ತೆಗೆದುಕೊಳ್ಳಬಹುದೇ? ಅಲ್ಲಿ 240 ವೋಲ್ಟ್ ಇರುವುದರಿಂದ, ಅಮ್ಮ ಊರಿನಿಂದ ತಂದುಕೊಟ್ಟ ವೆಟ್ ಗ್ರೈಂಡರನ್ನೂ ನೇರವಾಗಿ ಓಡಿಸಬಹುದು ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ.

ಉತ್ತರ: ಮೊದಲ ಭಾಗಕ್ಕೆ ಉತ್ತರ, ನಿಯಮದಂತೆ ಮಾಡಿದರೆ ಆಗುತ್ತದೆ. ನಿಮ್ಮಲ್ಲಿ ಈಜುಕೊಳದ ವಿದ್ಯುತ್ ಕೆಲಸಕ್ಕೆ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡಿನ 680ನೇ ವಿಧಿ ಆಧಾರ. ಕೊಳದ ಪ್ಯಾನೆಲ್‌ನಿಂದ ಬೇರೆ ಹೊರೆಗಳಿಗೆ ಕೊಡುವುದನ್ನು ಅದು ತಡೆಯುವುದಿಲ್ಲ. ಮನೆಯ ಮುಖ್ಯ ಪ್ಯಾನೆಲ್‌ನಿಂದ ಬರುವ ಫೀಡರಿನಲ್ಲಿ ಎರಡು ಫೇಸ್, ಒಂದು ನ್ಯೂಟ್ರಲ್, ಒಂದು ಗ್ರೌಂಡ್, ಹೀಗೆ ನಾಲ್ಕು ತಂತಿ ಇರಬೇಕು, ಮತ್ತು ಕೊಳದ ಪ್ಯಾನೆಲ್‌ನಲ್ಲಿ ನ್ಯೂಟ್ರಲ್ ಪಟ್ಟಿಯೂ ಗ್ರೌಂಡ್ ಪಟ್ಟಿಯೂ ಒಂದನ್ನೊಂದು ಮುಟ್ಟಬಾರದು. ಬಾಗಿಲು ತೆಗೆಸಿ ಮೊದಲು ಇದನ್ನೇ ನೋಡಿಸಿ. ಪಂಪಿಗೆ ಮಾತ್ರವೆಂದು ಮೂರು ತಂತಿಯಲ್ಲಿ ಎಳೆದಿರುವ ಪ್ಯಾನೆಲ್ ಆದರೆ ಸಕಲೇಶಪುರದ ಮೇಲಿನ ಕಥೆ ನಿಮ್ಮಲ್ಲೂ ನಡೆದೀತು. 60 ಆಂಪಿಯರ್ ಇದ್ದರೂ ಗಂಟೆಗಟ್ಟಲೆ ಓಡುವ ಹೊರೆಯನ್ನು 48 ಆಂಪಿಯರಿನ ಒಳಗೇ ಇಡಬೇಕಾಗುತ್ತದೆ. ನೀರು ಬಿಸಿ ಮಾಡುವ ಹೀಟ್ ಪಂಪ್ ಇದ್ದರೆ ಅದೊಂದೇ ಅರ್ಧ ನುಂಗಬಹುದು. ಪ್ಲಗ್ ಪಾಯಿಂಟುಗಳು ಕೊಳದ ಒಳಗೋಡೆಯಿಂದ ಕನಿಷ್ಠ 6 ಅಡಿ ದೂರವಿರಬೇಕು, ಅವಕ್ಕೆ ಜಿಎಫ್‌ಸಿಐ ರಕ್ಷಣೆ ಇರಲೇಬೇಕು. ನಮ್ಮ ಆರ್‌ಸಿಸಿಬಿ 30 ಮಿಲಿಆಂಪಿಯರಿನದಾದರೆ ನಿಮ್ಮ ಜಿಎಫ್‌ಸಿಐ 4ರಿಂದ 6ರೊಳಗೇ ಕಡಿಯುತ್ತದೆ. ಒಂದೊಂದು ದಾರಿಗೆ ಒಂದೊಂದನ್ನು ಇಡುವ ರೂಢಿ ಅಲ್ಲಿರುವುದರಿಂದ ಪಂಪಿನ ದೋಷಕ್ಕೆ ಫ್ರಿಜ್ ನಿಲ್ಲುವ ಸಮಸ್ಯೆ ಕಡಿಮೆ. ನಗರದ ಪರವಾನಗಿ ಪಡೆದು, ಪರವಾನಗಿ ಇರುವ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಿ.

ಗ್ರೈಂಡರಿನ ವಿಷಯದಲ್ಲಿ ನಿಮ್ಮ ಸ್ನೇಹಿತರ ಮಾತನ್ನು ಕೇಳಬೇಡಿ. ನಮ್ಮ 230 ವೋಲ್ಟ್ ಒಂದು ಫೇಸ್ ಮತ್ತು ಒಂದು ನ್ಯೂಟ್ರಲಿನ ನಡುವಿನದು. ನಿಮ್ಮ 240 ವೋಲ್ಟ್, ನೆಲಕ್ಕೆ ತಲಾ 120 ವೋಲ್ಟ್ ಇರುವ ಎರಡು ಜೀವಂತ ತಂತಿಗಳ ನಡುವಿನದು. ಊರಿನ ಗ್ರೈಂಡರಿನ ಸ್ವಿಚ್ ಒಂದು ತಂತಿಯನ್ನು ಮಾತ್ರ ಕಡಿಯುತ್ತದೆ. ನೀವು ಸ್ವಿಚ್ ಆರಿಸಿ, ಹಿಟ್ಟು ಬಳಿಯಲೆಂದು ಒದ್ದೆ ಕೈ ಹಾಕಿದಾಗಲೂ ಮೋಟಾರಿನೊಳಗೆ 120 ವೋಲ್ಟ್ ಇದ್ದೇ ಇರುತ್ತದೆ. ಜೊತೆಗೆ ನಮ್ಮದು 50 ಹರ್ಟ್ಸ್, ಅಲ್ಲಿಯದು 60. ಕಲ್ಲು ತಿರುಗಿಸುವ ಇಂಡಕ್ಷನ್ ಮೋಟಾರು ಸುಮಾರು ಐದರಲ್ಲೊಂದು ಪಾಲು ಹೆಚ್ಚು ವೇಗವಾಗಿ ತಿರುಗುತ್ತದೆ, ಹಿಟ್ಟು ಬಿಸಿಯೇರುತ್ತದೆ, ದೋಸೆ ಹಿಟ್ಟಿಗೆ ಬಿಸಿ ಆಗದೆಂಬುದನ್ನು ನಿಮ್ಮ ಅಮ್ಮನವರೇ ಹೇಳಿಯಾರು. ಅಲ್ಲಿಯ ವೋಲ್ಟೇಜಿಗೇ ತಯಾರಾದ ಗ್ರೈಂಡರುಗಳು ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಅದನ್ನು ಕೊಂಡು, ಮನೆಯೊಳಗಿನ ಅಡುಗೆಕಟ್ಟೆಯ ಮೇಲೆ, ನೀರಿನಿಂದ ದೂರವಿಟ್ಟು ಬಳಸಿ.

ಪ್ರಶ್ನೆ: ಮಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದ ಪ್ಯಾನೆಲ್‌ನಲ್ಲೇ ಒಂದು ಪ್ಲಗ್ ಪಾಯಿಂಟ್ ಇದೆ. ಹುಟ್ಟುಹಬ್ಬಗಳಿಗೆ ಅಲ್ಲಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಸ್ಪೀಕರ್, ಟೇಬಲ್ ಫ್ಯಾನ್ ಇಡುತ್ತಾರೆ. ಸಂಘದ ಕಾರ್ಯದರ್ಶಿಯಾಗಿ ನಾನು ಬೇಡವೆಂದರೆ ಹಟಮಾರಿ ಎನ್ನುತ್ತಾರೆ.

ಉತ್ತರ: ಹಟ ಬಿಡಬೇಡಿ. ಅದು ಪಂಪ್ ರಿಪೇರಿಗೆ ಬಂದವರು ಡ್ರಿಲ್ಲು, ಕೈದೀಪ ಹಾಕಿಕೊಳ್ಳಲು ಇಟ್ಟ ಪಾಯಿಂಟ್. ಎಕ್ಸ್‌ಟೆನ್ಷನ್ ಬಾಕ್ಸ್ ಎಂದರೆ ಗೋಡೆಯ ಮೇಲೆ ದೂರದಲ್ಲಿ ಇಟ್ಟಿದ್ದ ಪ್ಲಗ್ಗನ್ನು ನೀರಿನ ಅಂಚಿಗೆ ನಡೆಸಿಕೊಂಡು ಬರುವುದೇ. ಆಮೇಲೆ ಮೇಲೆ ಹೇಳಿದ 2 ಮೀಟರಿನ ನಿಯಮಕ್ಕೆ ಅರ್ಥವಿಲ್ಲ. ಪಾಯಿಂಟಿಗೆ ಬೀಗ ಹಾಕುವ ಮುಚ್ಚಳ ಹಾಕಿಸಿ, ಬ್ಯಾಟರಿಯಲ್ಲಿ ಓಡುವ ಸ್ಪೀಕರನ್ನು ಚಾರ್ಜರಿನಿಂದ ಬಿಡಿಸಿ ತರಲು ಹೇಳಿ. ಪ್ರತಿ ತಿಂಗಳ ಮೊದಲ ದಿನ ಕೊಳದಲ್ಲಿ ಯಾರೂ ಇಲ್ಲದಾಗ ಪ್ಯಾನೆಲ್‌ನ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿಸಿ, ಅದು ಬಿದ್ದಿತೇ ಇಲ್ಲವೇ ಎಂಬುದನ್ನು ಕಾವಲುಗಾರರ ಪುಸ್ತಕದಲ್ಲಿ ಬರೆಸಿ. ಗುಂಡಿ ಒತ್ತಿದಾಗ ಬೀಳದಿದ್ದರೆ ಅಂದೇ ಹೊಸದನ್ನು ತರಿಸಿ, ಹಾಕಿ ಮುಗಿಸುವವರೆಗೆ ಕೊಳದ ಗೇಟಿಗೆ ಬೀಗ ಹಾಕಿ ಕೀಲಿಯನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.